ಸಬೂರಾ ಬಾಗಿಲು ಬಿಟ್ಟ ದಿನ

ಖಲ್ಫಾನ್ ಕಾಫಿ ಸಾಕು ಅಂದದ್ದಷ್ಟೇ. ಅದನ್ನೂ ಬಾಯಿಬಿಟ್ಟು ಅಂದಿರಲಿಲ್ಲ. ಕಡಲತಡಿಯ ಸೂರ್ ಪಟ್ಟಣದಲ್ಲಿ ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ಬೆರಳ ತುದಿಯಲ್ಲಿ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಕಾಫಿ ಸುರಿಯುವ ಹೂಜಿಯವನು ಮುಂದಿನವನ ಹತ್ತಿರ ಹೋಗುತ್ತಾನೆ; ಅಲ್ಲಾಡಿಸದಿದ್ದರೆ ಪ್ರಳಯದವರೆಗೂ ಸುರಿಯುತ್ತಾನೆ. ಅಂದು ಬೆಳಗಿನ ಸಭೆಯಲ್ಲಿ ಖಲ್ಫಾನನ ಮುಂದೆ ಕೂತವರ ಹೆಗಲು ಕಪಾಟಿನಷ್ಟು ಅಗಲವಿದ್ದುದರಿಂದ, ಹೂಜಿಯವನಿಗೆ ಕಾಣಲಿ ಎಂದು ಅವನು ಬಟ್ಟಲನ್ನು ತಲೆಗಿಂತ ಒಂದು ಗೇಣು ಮೇಲೆತ್ತಿ ಅಲ್ಲಾಡಿಸಿದ.

ಸರಿಯಾಗಿ ಅದೇ ಗಳಿಗೆಗೆ ವೇದಿಕೆಯ ಮೇಲಿದ್ದ ನಿರ್ದೇಶಕ ಬರ್ಘಶ್ ಸಾಹೇಬರು, "ಮಧ್ಯಾಹ್ನ ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ ಒಗ್ಗಟ್ಟಿನ ಆಟ ಆಡಿಸೋರು ಯಾರು? ಕೈ ಎತ್ತಿ!" ಅಂದಿದ್ದರು.

ಸಭಾಂಗಣದಲ್ಲಿ ಮೂವತ್ತನಾಲ್ಕು ಡಿಪೋ ಮುಖ್ಯಸ್ಥರಿದ್ದರು. ದೇಶದ ಮೂಲೆಮೂಲೆಯಿಂದ ಬಂದವರು, ಕುಡಿಯುವ ನೀರನ್ನು ಬಾಟಲಿಗೆ ತುಂಬಿ ಮಾರುವ ಕಂಪನಿಯವರು. ಅವರ ಅರವತ್ತೆಂಟು ಕೈಗಳೂ ಆಗ ನಿಲುವಂಗಿಯ ಜೇಬಿನಲ್ಲಿದ್ದವು. ಗಾಳಿಯಲ್ಲಿದ್ದದ್ದು ಸೂರ್ ಗೋದಾಮಿನ ಗುಮಾಸ್ತ ಖಲ್ಫಾನನ ಕೈ ಒಂದೇ.

"ಭೇಷ್!" ಎಂದರು ಸಾಹೇಬರು. "ನೋಡಿ, ಎಂಥ ಉತ್ಸಾಹ. ಕಾಫಿ ಕುಡಿಯೋದನ್ನೂ ಬಿಟ್ಟು ಕೈ ಬೀಸ್ತಾ ಇದ್ದಾನೆ!"

"ಸಾಹೇಬ್ರೆ, ಅದು ಕಾಫಿ ಸಾಕು ಅಂತ..."

"ಕಾಫಿ ಸಾಕು, ಕೆಲಸ ಬೇಕು! ಇದಪ್ಪಾ ಮಾತು. ಹೌದೋ ಅಲ್ವೋ?"

"ಹೌದು!" ಎಂದಿತು ಸಭೆ. ಬರ್ಘಶ್ ಸಾಹೇಬರು ಇಪ್ಪತ್ತು ವರ್ಷ ಸ್ವಿಟ್ಜರ್ಲೆಂಡಿನಲ್ಲಿದ್ದು ಬಂದವರು. ಅಲ್ಲಿಂದ ಅವರು ತಂದದ್ದು ಒಂದು ಗಡಿಯಾರ, ಒಂದು ಮೊಣಕಾಲು ನೋವು ಮತ್ತು ಒಗ್ಗಟ್ಟಿನ ಬಗ್ಗೆ ಒಂದು ಹುಚ್ಚು. ಅವರು "ಹೌದೋ ಅಲ್ವೋ" ಅಂದಾಗ "ಅಲ್ಲ" ಅಂದವರು ಯಾರೂ ಈಗ ಕಂಪನಿಯಲ್ಲಿಲ್ಲ.

"ಇನ್ನೊಂದು ವಿಷಯ," ಅವರು ಕನ್ನಡಕ ತೆಗೆದರು. "ಹೈಮಾ ಡಿಪೋದ ಕುರ್ಚಿ ಖಾಲಿ ಇದೆ. ಸೂರ್ ಕಚೇರಿಯಿಂದ ಒಬ್ಬರು ಹೋಗ್ಬೇಕು. ಖಲ್ಫಾನ್, ಮುಸಲ್ಲಮ್, ಎರಡು ಹೆಸರು ನನ್ನ ಮುಂದಿದೆ. ಇವತ್ತಿನ ಆಟ ಚೆನ್ನಾಗಿ ಆದ್ರೆ ಖಲ್ಫಾನ್ ಆ ಕುರ್ಚಿಗೆ ಹೋಗಲ್ಲ. ಮಾತು ಅಂದ್ರೆ ಮಾತು."

ಖಲ್ಫಾನನ ಹೊಟ್ಟೆಯಲ್ಲಿದ್ದ ಮೂರು ಬಟ್ಟಲು ಕಾಫಿಯೂ ತಣ್ಣಗಾಯಿತು. ಹೈಮಾ ಎಂದರೆ ಮರುಭೂಮಿಯ ನಟ್ಟನಡುವಿನ ಊರು. ಸುತ್ತ ಕಣ್ಣು ಹಾಯುವಷ್ಟು ಮರಳು. ಅಲ್ಲಿ ಹಾಯುವುದು ಕಣ್ಣು ಮಾತ್ರ, ಹಾಯಿ ಎಂಬುದನ್ನು ಯಾರೂ ಕಂಡವರಿಲ್ಲ. ಮರಳಿಗೆ ಹೋದವರು ಮರಳಿ ಬರುವುದಿಲ್ಲ ಎಂದು ಗೋದಾಮಿನಲ್ಲಿ ಮಾತಿತ್ತು.

ಪಕ್ಕದ ಕುರ್ಚಿಯ ಮುಸಲ್ಲಮ್ ಬಗ್ಗಿ ಮೂಗಿನಿಂದಲೇ ಹೇಳಿದ: "ಕಾಫಿ ಜಾಸ್ತಿ ಕುಡೀಬೇಡ ಅಂತ ನಾನಂತೂ ಮೊದ್ಲೇ ಹೇಳಿದ್ದೆ." ಅವನು ಯಾವತ್ತೂ ಏನನ್ನೂ ಮೊದಲೇ ಹೇಳಿದವನಲ್ಲ.

ಖಲ್ಫಾನ್ ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದ. ಮದುವೆಯಾಗಿ ನಾಲ್ಕೇ ತಿಂಗಳು. ರಾಯಾ ಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಮೇಡಂ.

"ಹೈಮಾನಾ?" ಎಂದಳು ರಾಯಾ. "ಮಳೆ ಎಷ್ಟು ಬೀಳುತ್ತೆ ಅಂತ ಮಕ್ಕಳಿಗೆ ನಾನೇ ಪಾಠ ಮಾಡ್ತೀನಿ. ಬೀಳಲ್ಲ. ನನ್ನ ಕೆಲಸ ಇಲ್ಲಿ, ನಮ್ಮಮ್ಮ ಇಲ್ಲಿ, ಮೀನು ಇಲ್ಲಿ. ನೀವು ಹೋಗಿ, ನಾನು ಫೋನಲ್ಲಿ ಸಿಗ್ತೀನಿ."

"ಹೋಗಲ್ಲ ಕಣೇ! ಇವತ್ತು ಏನಾದ್ರೂ ಸರಿ, ಇವರನ್ನ ಆಡಿಸಿ ಕುಣಿಸಿಯೇ ಬಿಡ್ತೀನಿ."

"ನಿಮ್ಮಜ್ಜ ಹಡಗು ನಡೆಸ್ತಿದ್ರು. ನೀವು ಒಂದು ಮಧ್ಯಾಹ್ನ ನಡೆಸಿ, ಸಾಕು."

ಖಲ್ಫಾನ್ ಟೋಪಿ ಸರಿಮಾಡಿಕೊಂಡ. ಸೂರ್ ಬಿಟ್ಟರೆ ತನಗೆ ಬೇರೆ ಸೂರಿಲ್ಲ, ಬಿಡುವುದಿಲ್ಲ. ಹಡಗಿನ ಊರಿಗೆ ಬಂದವರಿಗೆ ಹಡಗೇ ಸರಿ. ಪ್ರವಾಸಿಗರನ್ನು ಹಾಯಿಹಡಗಿನಲ್ಲಿ ಸುತ್ತಿಸುವ ಗೆಳೆಯ ಜುಮಾನಿಗೆ ಫೋನ್ ಹಚ್ಚಿದ. ಸೂರಿನಲ್ಲಿ ಫೋನೆತ್ತಿದ ಕೂಡಲೇ ವಿಷಯಕ್ಕೆ ಬರುವವನನ್ನು ಜನ ಸಾಲ ವಸೂಲಿಯವನೆಂದೋ ಪೊಲೀಸನೆಂದೋ ತಿಳಿಯುತ್ತಾರೆ. ಮೊದಲು ಸುದ್ದಿ ಏನಿಲ್ಲ ಎಂಬ ಕ್ಷೇಮ, ಆಮೇಲೆ ನಿಜವಾದ ಸುದ್ದಿ.

"ಸುದ್ದಿ ಏನಪ್ಪಾ ಜುಮಾ?"

"ಸುದ್ದಿ ಏನಿಲ್ಲ, ದೇವರ ದಯೆ. ಎಲ್ಲಾ ಒಳ್ಳೇದೇ. ನಿನ್ನ ಕಡೆ?"

"ಏನಿಲ್ಲ, ಒಳ್ಳೇದೇ. ನಾಲ್ಕು ಗಂಟೆಗೆ ಮೂವತ್ತೈದು ಜನ ಬರ್ತಾರೆ, ಹಡಗು ಬೇಕು. ಇಡ್ಲಾ?"

"ಅಲ್ಲ ಖಲ್ಫಾನ್..."

ಖಲ್ಫಾನ್ ಇಟ್ಟೇಬಿಟ್ಟಿದ್ದ.

ನಾಲ್ಕು ಗಂಟೆಗೆ ಮೂವತ್ತನಾಲ್ಕು ಮುಖ್ಯಸ್ಥರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಬುಟ್ಟಿಯಿಂದ ಹೊರಬಿದ್ದ ಹಣ್ಣುಗಳಂತೆ ಅಳಿವೆಯ ದಡದಲ್ಲಿ ಹರಡಿಕೊಂಡರು. ನೀರು ಉಬ್ಬರದಲ್ಲಿತ್ತು, ಬಿಸಿಲು ಇಳಿದಿತ್ತು, ಗಾಳಿ ಹಿತವಾಗಿತ್ತು. ಎಲ್ಲವೂ ಇತ್ತು, ಹಡಗೊಂದನ್ನು ಬಿಟ್ಟು.

ಖಲ್ಫಾನ್ ಮರೆಗೆ ಹೋಗಿ ಫೋನ್ ಮಾಡಿದ. "ಸುದ್ದಿ ಏನು ಜುಮಾ?"

"ಏನಿಲ್ಲ, ಒಳ್ಳೇದೇ. ನಿನ್ನ ಕಡೆ?"

"ಏನಿಲ್ಲ, ಒಳ್ಳೇದೇ. ಹಡಗೆಲ್ಲೋ?"

"ಬಡಗಿ ಅಂಗಳದಲ್ಲಿ. ತಳ ಒಡೆದು ಹತ್ತು ದಿನ ಆಯ್ತು."

"ಬೆಳಿಗ್ಗೆ ಯಾಕೋ ಹೇಳ್ಲಿಲ್ಲ?"

"ಹೇಳೋಕೆ ಬಿಟ್ಯಾ? ನೀನು ಸುದ್ದಿ ಕೇಳ್ದೆ, ನಾನು ಸುದ್ದಿ ಇಲ್ಲ ಅಂದೆ. ಆಮೇಲೆ ತಾನೆ ಸುದ್ದಿ ಹೇಳೋದು? ಅಷ್ಟರಲ್ಲಿ ಇಟ್ಟೆ. ಮರ್ಯಾದೆ ಕಲಿ ಮಾರಾಯ!"

ಖಲ್ಫಾನ್ ಹಿಂತಿರುಗಿದಾಗ ಬರ್ಘಶ್ ಸಾಹೇಬರು ಗಡಿಯಾರವನ್ನೂ ಅವನನ್ನೂ ಸರದಿಯಂತೆ ನೋಡುತ್ತಿದ್ದರು. ಮುಸಲ್ಲಮ್ ಜನರ ನಡುವೆ ತಿರುಗುತ್ತಾ, "ಬೇಗ ಹೊರಡ್ಬಹುದು ಅನ್ಸುತ್ತೆ, ನಾನಂತೂ ಮೊದ್ಲೇ ಹೇಳಿದ್ದೆ" ಎಂದು ಹಂಚುತ್ತಿದ್ದ.

"ಮೊದಲನೇ ಆಟ, ಹುಟ್ಟು ಹಾಕೋದು!" ಖಲ್ಫಾನ್ ಕೂಗಿದ. ದಡದಲ್ಲಿ ಮೀನುಗಾರರ ಎರಡು ಪುಟ್ಟ ತೆಪ್ಪಗಳಿದ್ದವು. ಮೊದಲನೆಯದರಲ್ಲಿ ಕೂತವರು ನಿಜ್ವಾ, ಇಬ್ರಿ ಮತ್ತು ಬಹ್ಲಾ ಡಿಪೋಗಳ ಮುಖ್ಯಸ್ಥರು. ಮೂರೂ ಖರ್ಜೂರಕ್ಕೆ ಹೆಸರಾದ ಊರುಗಳು, ಮೂವರೂ ಊರಿನ ಹೆಸರು ಉಳಿಸಿದ ದೇಹಗಳು. ತೆಪ್ಪ ನೀರಿಗಿಳಿಯುವ ಬದಲು ಮರಳಿಗಿಳಿಯಿತು. ಹುಟ್ಟು ಮುರಿಯಿತು. ಎರಡನೆಯ ತೆಪ್ಪದವರು ಇದನ್ನು ನೋಡಿ ನಕ್ಕದ್ದಕ್ಕೆ ನಿಜ್ವಾದವರು ಮಾತು ಬಿಟ್ಟರು. ಒಗ್ಗಟ್ಟು ಬೆಳಿಗ್ಗೆಗಿಂತ ಕಡಿಮೆಯಾಯಿತು.

"ಏನೋ ಇದು ಜಾತ್ರೆ?"

ಕೋಲೂರಿಕೊಂಡು ಬಂದವರು ನಾಖುದಾ ಸಂಜೂರ್. ನಲವತ್ತು ವರ್ಷ ಹಾಯಿಹಡಗಿನ ಯಜಮಾನರಾಗಿ ಜಂಜಿಬಾರಿಗೂ ಮಂಗಳೂರಿಗೂ ಹೋಗಿಬಂದ ಮುದುಕ. ಈಗ ಅವರ ಪ್ರಯಾಣ ಮನೆಯಿಂದ ಮಸೀದಿಗೆ, ಮಸೀದಿಯಿಂದ ಬೇರೆಯವರ ವಿಷಯಕ್ಕೆ.

"ಮೀಟಿಂಗಿನವರು ಅಜ್ಜ. ಒಗ್ಗಟ್ಟಿನ ಆಟ ಆಡಿಸ್ತಾ ಇದ್ದೀನಿ."

"ಆಟ? ಮೂವತ್ತನಾಲ್ಕು ಗಂಡಸರು, ಅರವತ್ತೆಂಟು ಕೈ! ನಿಮ್ಮಜ್ಜ ಬದುಕಿದ್ದಿದ್ರೆ ಇಷ್ಟು ಜನರನ್ನ ನೋಡಿ ಹಡಗು ಎಳೆಸ್ತಿದ್ದ. ಬಾ ಇಲ್ಲಿ."

ಅಳಿವೆಯ ಅಂಚಿನಲ್ಲೇ ನಾಖುದಾನ ಮನೆ. ಮನೆಯ ಬಾಗಿಲಿಗೆ ಬೆನ್ನು, ನೀರಿಗೆ ಮೂತಿ ಮಾಡಿಕೊಂಡು, ದಿಮ್ಮಿಗಳ ಮೇಲೆ ಒಂದು ಚಿಕ್ಕ ಸಂಬೂಕ್ ದೋಣಿ ಕೂತಿತ್ತು. ಹೆಸರು ಸಬೂರಾ, ತಾಳ್ಮೆಯವಳು. ಹನ್ನೊಂದು ವರ್ಷದಿಂದ ತಾಳಿದ್ದಳು. ಹಿಂದೆಲ್ಲ ದೋಣಿ ನೀರಿಗಿಳಿಸುವಾಗ ಕೇರಿಗೆ ಕೇರಿಯೇ ಹಗ್ಗ ಹಿಡಿಯುತ್ತಿತ್ತು. ಈಗ ಕೇರಿಯವರೆಲ್ಲ ಕಚೇರಿಯವರಾಗಿ, ಹಿಡಿಯುವವರಿಲ್ಲದೆ ಸಬೂರಾ ಬಾಗಿಲಲ್ಲೇ ಉಳಿದಿದ್ದಳು. ನಾಖುದಾ ತಿಂಗಳು ತಪ್ಪದೆ ಅವಳಿಗೂ ದಿಮ್ಮಿಗೂ ಶಾರ್ಕ್ ಎಣ್ಣೆ ಬಳಿಯುತ್ತಿದ್ದರು. ಅವರ ಹೆಂಡತಿ ಜುವೈನಾ ಹನ್ನೊಂದು ವರ್ಷದಿಂದ ತನ್ನ ಮನೆಯೊಳಗೆ ಏಡಿಯಂತೆ ಅಡ್ಡಡ್ಡ ನುಸುಳುತ್ತಿದ್ದಳು.

"ಬರ್ರಪ್ಪಾ, ಬರ್ರಿ!" ಕಿಟಕಿಯಿಂದ ಜುವೈನಾ ಕೂಗಿದಳು. "ಆ ಸವತೀನ ಎಳ್ಕೊಂಡು ಹೋಗಿ! ಮಗಳ ಮದುವೆಗೆ ತಂದ ಕಪಾಟು ಇನ್ನೂ ಒಳಗೆ ಬಂದಿಲ್ಲ. ಮಗಳಿಗೆ ಮೂರು ಮಕ್ಕಳಾದ್ವು!"

ಖಲ್ಫಾನನ ತಲೆಯಲ್ಲಿ ದೀಪ ಹತ್ತಿತು. ಇತಿಹಾಸ ಇದೆ, ಹೊರಾಂಗಣ ಇದೆ, ಗುಂಪು ಇದೆ. ಹಗ್ಗ ಹಿಡಿಯಲಿ, ಹಾಡಲಿ, ಫೋಟೊ ತೆಗೆಯಲಿ, ಕೈ ತೊಳೆದು ಹಲ್ವಾ ತಿನ್ನಲಿ.

"ಅಜ್ಜ, ಇದು ಅಲ್ಲಾಡುತ್ತಾ?" ಗುಟ್ಟಾಗಿ ಕೇಳಿದ.

"ದೇವರ ಇಚ್ಛೆ ಇದ್ರೆ," ಎಂದರು ನಾಖುದಾ.

ಹಾಗಾದರೆ ದೋಣಿ ಅಲ್ಲಾಡುವುದಿಲ್ಲ ಎಂದು ಖಲ್ಫಾನನಿಗೆ ಸಮಾಧಾನವಾಯಿತು. ನಲ್ಲಿ ರಿಪೇರಿಯವನು, ದರ್ಜಿ, ಮಾವ, ಎಲ್ಲರೂ ಅವನಿಗೆ ಇದೇ ಮಾತು ಹೇಳಿದ್ದರು; ಯಾವ ಕೆಲಸವೂ ಆಗಿರಲಿಲ್ಲ. ಮುದುಕ ಅದನ್ನು ನಿಜವಾಗಿಯೇ ಹೇಳಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ.

"ಒಗ್ಗಟ್ಟು!" ವಿಷಯ ಕೇಳಿದ ಬರ್ಘಶ್ ಸಾಹೇಬರ ಕಣ್ಣು ಒದ್ದೆಯಾಯಿತು. "ಸ್ವಿಟ್ಜರ್ಲೆಂಡಿನಲ್ಲಿ ನಮಗೆ ಕುರ್ಚಿ ಎಳೆಸಿದ್ರು. ಇದು ದೋಣಿ! ಹೌದೋ ಅಲ್ವೋ?"

ಮೂತಿಗೆ ಎರಡು ಹಗ್ಗ ಕಟ್ಟಿದರು. ಎಡಕ್ಕೆ ಹದಿನೇಳು, ಬಲಕ್ಕೆ ಹದಿನೇಳು ಜನ ಮರಳಿನಲ್ಲಿ ಸಾಲುಗಟ್ಟಿದರು. ಮುಸಲ್ಲಮ್ ಮೇಲ್ವಿಚಾರಣೆ ಮಾಡುತ್ತೇನೆಂದು ನೆರಳಿಗೆ ಹೋದ. ಪದ್ಧತಿಯ ಪ್ರಕಾರ ಹಾಡು ಎತ್ತುವವನು ದೋಣಿಯ ಮೇಲೆ ನಿಲ್ಲಬೇಕು. "ನೀನೂ ಒಬ್ಬ ನಾಖುದಾನ ಮೊಮ್ಮಗ, ಹತ್ತು!" ಎಂದು ಸಂಜೂರ್ ಕೋಲಿನಿಂದ ತಿವಿದರು. ಸ್ನಾನದ ತೊಟ್ಟಿ ನೋಡಿದರೂ ತಲೆ ತಿರುಗುವ ಖಲ್ಫಾನ್, ಹೇಗೂ ಇದು ನೆಲದ ಮೇಲಿದೆಯಲ್ಲ ಎಂದು ಹತ್ತಿದ. ಫೋಟೊದಲ್ಲಿ ತಾವೂ ಇರಲೆಂದು ಬರ್ಘಶ್ ಸಾಹೇಬರೂ ಹತ್ತಿ ಅವನ ಪಕ್ಕ ನಿಂತರು.

ಹಾಡು ಎತ್ತಬೇಕು. ಹಡಗಿನವರ ಒಂದು ಹಾಡೂ ಖಲ್ಫಾನನಿಗೆ ಬಾರದು. ಗೋದಾಮಿನವನಿಗೆ ಬಾಯಿಪಾಠವಾಗಿದ್ದದ್ದು ಒಂದೇ. ಕೈ ಮೇಲೆತ್ತಿ ಎತ್ತರದ ದನಿಯಲ್ಲಿ ಹಾಡಿದ:

"ಅರ್ಧ ಲೀಟರ್!"

"ಹೋಯ್!" ಎಂದರು ಮೂವತ್ತನಾಲ್ಕು ಜನ. ತಮ್ಮದೇ ಹಾಡು ಕೇಳಿ ಅವರಿಗೆ ಉಕ್ಕಿಬಂತು.

"ಒಂದು ಲೀಟರ್!"

"ಹೋಯ್!"

"ಐದು ಗ್ಯಾಲನ್!"

"ಹೋಯ್ ಹೋಯ್!"

ಮಾತು ಬಿಟ್ಟಿದ್ದ ನಿಜ್ವಾದವರೂ ಹಲ್ಲು ಕಚ್ಚಿ ಎಳೆದರು. ದೋಣಿ ಅಲ್ಲಾಡಲಿಲ್ಲ. ಫೋಟೊ ಆಯಿತು. ಇನ್ನೇನು ಖಲ್ಫಾನ್ ಸಾಕು ಅನ್ನಬೇಕು, ಅಷ್ಟರಲ್ಲಿ ಹಿಂದುಗಡೆ ಟಕ್ ಟಕ್ ಎಂದು ಸದ್ದಾಯಿತು. ಜುವೈನಾ ಒಂದು ಸುತ್ತಿಗೆ ಹಿಡಿದು, ದಿಮ್ಮಿಗೆ ಕೊಟ್ಟಿದ್ದ ಬೆಣೆಗಳನ್ನು ಒಂದೊಂದಾಗಿ ಹಾರಿಸುತ್ತಿದ್ದಳು.

"ಅಜ್ಜೀ, ಬೇಡಾ!"

"ಹನ್ನೊಂದು ವರ್ಷ!" ಎಂದು ಜುವೈನಾ ಕೊನೆಯ ಬೆಣೆಗೆ ಬೀಸಿದಳು.

ಹನ್ನೊಂದು ವರ್ಷ ಎಣ್ಣೆ ಕುಡಿದ ದಿಮ್ಮಿಗಳ ಮೇಲೆ ಸಬೂರಾ, ಸಾಬೂನು ಸವರಿದ ಮಗುವಿನಂತೆ ಜಾರಿದಳು. ಬರ್ಘಶ್ ಸಾಹೇಬರು ಖಲ್ಫಾನನನ್ನು ತಬ್ಬಿದರು. ಖಲ್ಫಾನ್ ಮೂತಿಯ ಕಂಬವನ್ನು ತಬ್ಬಿದ. ಛಳ್ ಎಂದು ನೀರು ಎರಡಾಯಿತು. ಉಬ್ಬರ ಆಗಷ್ಟೇ ತಿರುಗಿ ನೀರು ಕಡಲಿನ ಕಡೆ ಹೊರಟಿತ್ತು. ಸಬೂರಾ ಕೂಡ ಹೊರಟಳು.

"ಹಗ್ಗ ಬಿಡಬೇಡಿ! ಒಗ್ಗಟ್ಟು! ಒಗ್ಗಟ್ಟು!" ಸಾಹೇಬರು ಕಿರುಚಿದರು. ಕಂಪನಿಯಲ್ಲಿ ಸಾಹೇಬರ ಮಾತು ಮೀರಿದವರಿಲ್ಲ. ಮೂವತ್ತನಾಲ್ಕು ಜನ ಹಗ್ಗ ಬಿಡದೆ ಮೊಣಕಾಲುದ್ದ, ಸೊಂಟದುದ್ದ, ಎದೆಯುದ್ದ ನೀರಿಗೆ ಸಾಲಾಗಿ ನಡೆದರು. ನೆರಳಲ್ಲಿದ್ದ ಮುಸಲ್ಲಮನ ಕಾಲಿಗೆ ಹಗ್ಗದ ಬಾಲ ಸುತ್ತಿಕೊಂಡಿತ್ತು. ಮೊದಲೇ ಹೇಳಲು ಅವನಿಗೆ ಪುರಸೊತ್ತಾಗಲಿಲ್ಲ. ಮೂಗಿನೊಳಗೆ ನೀರು ಹೋಯಿತು.

ದೋಣಿಯ ಮೇಲೆ ಬೇರೆಯೇ ಕಷ್ಟ. ಹನ್ನೊಂದು ವರ್ಷ ಒಣಗಿದ ಹಲಗೆಗಳ ಸಂದಿಯಿಂದ ನೀರು ಜರಡಿಯಲ್ಲಿ ಬಂದಂತೆ ಬರುತ್ತಿತ್ತು. ಖಲ್ಫಾನನ ತಲೆ ಬುಗುರಿಯಾಯಿತು. ಮೂರು ಬಟ್ಟಲು ಕಾಫಿ ಹೊರಗೆ ಹೋಯಿತು. ಆದರೂ ಬಾಯಿ ಒರೆಸಿಕೊಂಡು, ಹೈಮಾವನ್ನು ನೆನೆದು, ಜೇಬಿನಲ್ಲಿದ್ದ ಅರ್ಧ ಲೀಟರಿನ ಬಾಟಲಿಯನ್ನು ಹಲ್ಲಿನಿಂದ ಕತ್ತರಿಸಿ ನೀರು ಹೊರಚೆಲ್ಲತೊಡಗಿದ. "ತಗೊಳ್ಳಿ ಸಾಹೇಬ್ರೆ, ನೀವೂ ಚೆಲ್ಲಿ!" ಎಂದು ಇನ್ನೊಂದು ತುಂಡು ಕೊಟ್ಟ. ಜನ್ಮವಿಡೀ ಬಾಟಲಿಗೆ ನೀರು ತುಂಬಿದ ಕಂಪನಿ ಅಂದು ಮೊದಲ ಸಲ ಬಾಟಲಿಯಿಂದ ಸಮುದ್ರ ಖಾಲಿ ಮಾಡುತ್ತಿತ್ತು.

ಆಗ ದಡಕ್ಕೆ ಜುಮಾ ಬಂದ. ಎರಡೂ ಕೈ ಬಾಯಿಗೆ ಇಟ್ಟು ಕೂಗಿದ: "ಖಲ್ಫಾನ್! ಸುದ್ದಿ ಏನಪ್ಪಾ?"

ಬಾಯಿ ಬುದ್ಧಿಗಿಂತ ಮುಂದೆ ಹೋಯಿತು. "ಏನಿಲ್ಲ, ಒಳ್ಳೇದೇ! ನಿನ್ನ ಕಡೆ?"

"ಏನಿಲ್ಲ, ಒಳ್ಳೇದೇ!"

"ಮುಳುಗ್ತಾ ಇದ್ದೀವೋ!"

ಜುಮಾ ನಿಲುವಂಗಿ ಎತ್ತಿ ಕಟ್ಟಿ ಹಾರಿದ. ಕಾಫಿ ಅಂಗಡಿಯವರು ಹಾರಿದರು. ಇನ್ನೂ ಇಪ್ಪತ್ತು ಕೈ ಹಗ್ಗಕ್ಕೆ ಬಿದ್ದವು. ಖಲ್ಫಾನ್ ದೋಣಿಯೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಹಸಿರಾದ ಮುಖ ಮೇಲೆತ್ತಿ, "ಅರ್ಧ ಲೀಟರ್!" ಎಂದು ದನಿ ತೆಗೆದ. "ಹೋಯ್!" ಎಂದಿತು ಅಳಿವೆ. ಹೋಯ್ ಹೋಯ್ ಎನ್ನುತ್ತಾ, ಬಿದ್ದು ಎದ್ದು, ಸಬೂರಾಳನ್ನು ತಿರುಗಿಸಿ ಪಕ್ಕದ ಮರಳುದಿಬ್ಬಕ್ಕೆ ತಂದು ಕೂರಿಸುವಾಗ ಸೂರ್ಯ ಮುಳುಗುವುದಕ್ಕೆ ಒಂದು ಮಾರು ಬಾಕಿಯಿತ್ತು. ಬೇರೆ ಯಾರೂ ಮುಳುಗುವುದರಲ್ಲಿರಲಿಲ್ಲ.

ಕತೆ ಮುಗಿಯಿತು ಎಂದು ಖಲ್ಫಾನ್ ಮರಳಿನ ಮೇಲೆ ಅಂಗಾತ ಬಿದ್ದ. ಕಣ್ಣು ಬಿಟ್ಟರೆ ವಿಚಿತ್ರ ಕಂಡಿತು. ನಿಜ್ವಾದವರು, ತಮ್ಮನ್ನು ನೋಡಿ ನಕ್ಕವರ ಟೋಪಿಯನ್ನು ತಾವೇ ಹಿಂಡಿ ಕೊಡುತ್ತಿದ್ದರು. ಇಬ್ರಿಯವರು ಮುಸಲ್ಲಮನ ಬೆನ್ನು ತಟ್ಟಿ ನೀರು ಕಕ್ಕಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಜುವೈನಾ ಎದೆ ಸೆಟೆಸಿಕೊಂಡು, ನೆಟ್ಟಗೆ ಬಾಗಿಲಿನಿಂದ ಬಂದು, ಎಲ್ಲರಿಗೂ ಹಲ್ವಾ ಹಂಚುತ್ತಿದ್ದಳು.

ಬರ್ಘಶ್ ಸಾಹೇಬರು ತೊಯ್ದ ಕೊಕ್ಕರೆಯಂತೆ ಎದ್ದು ನಿಂತರು. "ಇಪ್ಪತ್ತು ವರ್ಷ ಒಗ್ಗಟ್ಟು ಒಗ್ಗಟ್ಟು ಅಂತ ಬಡ್ಕೊಂಡೆ. ಕಣ್ಣಲ್ಲಿ ಕಂಡದ್ದು ಇವತ್ತೇ. ಖಲ್ಫಾನ್, ಎದ್ದೇಳು! ನೀನು ಕಂಪನಿಯ ರತ್ನ!"

ಖಲ್ಫಾನ್ ಎದ್ದ. ಅಲ್ಲೇ ಒಂದು ಕುಣಿತ ಹಾಕುವಷ್ಟು ಹಗುರವಾಗಿತ್ತು ಮೈ. ರಾಯಾಗೆ ಹೇಳಬೇಕೆಂದು ಫೋನ್ ತೆಗೆದರೆ ಅದರೊಳಗಿಂದ ಒಂದು ಸೀಗಡಿ ಮರಿ ಬಿತ್ತು.

ಸಾಹೇಬರು ದೋಣಿಯ ಪಕ್ಕೆ ಸವರಿದರು. "ಎಂಥ ದೋಣಿ ನಾಖುದಾ! ಎಂಥ ದೋಣಿ!"

"ನಿಮ್ಮದೇ ಅಂದ್ಕೊಳ್ಳಿ," ಎಂದರು ಸಂಜೂರ್, ಎದೆಯ ಮೇಲೆ ಕೈಯಿಟ್ಟು. "ತಗೊಂಡು ಹೋಗಿ."

ಸೂರಿನಲ್ಲಿ ಕೈಗಡಿಯಾರವನ್ನು ಹೊಗಳಿದರೂ, ಕುದುರೆಯನ್ನು ಹೊಗಳಿದರೂ ಹೀಗೇ ಹೇಳುತ್ತಾರೆ. ಹೊಗಳಿದವನು "ದೇವರು ನಿಮಗೇ ಉಳಿಸಲಿ" ಅನ್ನುತ್ತಾನೆ. ವಸ್ತು ಇದ್ದಲ್ಲೇ ಇರುತ್ತದೆ, ಮರ್ಯಾದೆ ಮಾತ್ರ ಕೈ ಬದಲಿಸುತ್ತದೆ.

"ಆಯ್ತು," ಎಂದರು ಸಾಹೇಬರು. "ತಗೊಂಡೆ."

ನಾಖುದಾ ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಜುವೈನಾ ಗಂಡನ ಬಾಯಿಗೆ ದೊಡ್ಡದೊಂದು ಹಲ್ವಾ ತುಂಡು ತುರುಕಿದಳು. "ಕೊಟ್ಟದ್ದು ಕೊಟ್ಟ ಹಾಗೆ ಸಾಹೇಬ್ರೆ! ನಮ್ಮ ಮನೇಲಿ ಎರಡು ಮಾತಿಲ್ಲ!"

ಖಲ್ಫಾನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದೋಣಿ ಕಂಪನಿಯದು, ದೋಣಿ ಸೂರಿನದು, ದೋಣಿ ನೋಡಿಕೊಳ್ಳುವವನೂ ಇನ್ನು ಸಾಯುವತನಕ ಸೂರಿನವನು!

"ಇನ್ನು ಮೇಲೆ ಪ್ರತಿ ಡಿಪೋದವರೂ ಈ ಆಟ ಆಡ್ಬೇಕು," ಸಾಹೇಬರು ಓಡಾಡತೊಡಗಿದರು. "ಇದರಲ್ಲಿ ಒಂದೇ ಒಂದು ಕೊರತೆ."

"ಏನು ಸಾಹೇಬ್ರೆ? ಹೇಳಿ, ಈಗಲೇ ಸರಿ ಮಾಡ್ತೀನಿ," ಎಂದ ಖಲ್ಫಾನ್.

"ನೀರು."

ನೀರು ಮಾರಿ ಬದುಕುವ ಮೂವತ್ತನಾಲ್ಕು ಜನ ತಲೆಯಾಡಿಸಿದರು.

"ಎಳೀಬೇಕು, ಹಾಡ್ಬೇಕು. ಆದ್ರೆ ಯಾರೂ ಮುಳುಗಬಾರ್ದು. ಎಷ್ಟು ದೂರ ಎಳೆದ್ರೂ ನೀರೇ ಸಿಗಬಾರ್ದು. ಅಂಥ ಜಾಗ ನಮ್ಮ ಕಂಪನಿಗೆ ಎಲ್ಲಿದೆ?"

ಮೂವತ್ತನಾಲ್ಕು ಮುಖ್ಯಸ್ಥರು, ಅದುವರೆಗೆ ಯಾವ ಸಭೆಯಲ್ಲೂ ಕಾಣದ ಒಗ್ಗಟ್ಟಿನಿಂದ, ಒಂದೇ ದನಿಯಲ್ಲಿ ಕೂಗಿದರು: "ಹೈಮಾ!"

"ಹೌದೋ ಅಲ್ವೋ?"

"ಹೌದು!"

"ಸಾಹೇಬ್ರೆ," ಖಲ್ಫಾನ್ ಅವರ ತೊಯ್ದ ತೋಳು ಹಿಡಿದ, "ನೀವು ಮಾತು ಕೊಟ್ಟಿದ್ರಿ..."

"ಕೊಟ್ಟಿದ್ದೆ, ಉಳಿಸ್ಕೊಂಡೆ! ಡಿಪೋದ ಕುರ್ಚಿಗೆ ನೀನು ಹೋಗಲ್ಲ. ಅದು ಮುಸಲ್ಲಮನಿಗೆ. ನಿನಗೆ ಕುರ್ಚಿ ಯಾಕೆ? ನೀನು ದೋಣಿ ಮೇಲೆ ನಿಲ್ಲೋನು. ಇವತ್ತಿಂದ ನೀನು ಕಂಪನಿಯ ನಾಖುದಾ! ತಿಂಗಳಿಗೊಂದು ಡಿಪೋದವರನ್ನ ಕಳಿಸ್ತೀನಿ. ಮೂವತ್ತನಾಲ್ಕು ಡಿಪೋ, ಅಂದ್ರೆ ಮೂರು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಭಾನುವಾರ ದೋಣಿ ಒಯ್ಯೋಕೆ ಲಾರಿ ಬರುತ್ತೆ. ಮುಸಲ್ಲಮ್, ನಿಮ್ಮಿಬ್ಬರಿಗೂ ಅಲ್ಲಿ ಒಂದೇ ಕೋಣೆ."

ಮುಸಲ್ಲಮ್ ಮೂಗು ಒರೆಸಿಕೊಂಡು ಖಲ್ಫಾನನ ಕಡೆ ತಿರುಗಿದ. ಏನು ಹೇಳಲಿದ್ದನೋ, ಖಲ್ಫಾನ್ ನೋಡಿದ ನೋಟಕ್ಕೆ ನುಂಗಿಕೊಂಡ.

ಹಲ್ವಾ ನುಂಗಿ ಮುಗಿಸಿದ ನಾಖುದಾ ಸಂಜೂರ್ ಮನೆಯೊಳಗೆ ಹೋದರು. ಬರುವಾಗ ಎರಡೂ ಕೈಯಲ್ಲಿ ಒಂದು ತುಕ್ಕು ಹಿಡಿದ ಲಂಗರನ್ನು, ತೀರಿಹೋದವರನ್ನು ಹೊತ್ತಂತೆ ಹೊತ್ತು ತಂದರು. ಕಣ್ಣಲ್ಲಿ ನೀರಿತ್ತು. ಅದನ್ನು ಖಲ್ಫಾನನ ಹೆಗಲ ಮೇಲಿಟ್ಟು, ಅವನ ಗಲ್ಲ ಸವರಿದರು.

"ಸಂಜೆ ಆದ್ಮೇಲೆ ಇದನ್ನ ಹಾಕೋದು ಮರೀಬೇಡ ಮಗನೇ. ಹೈಮಾದಲ್ಲಿ ಗಾಳಿ ಜಾಸ್ತಿಯಂತೆ."